ಕೊಳಗದಿಂದ ಗ್ರಾಹಕರ ಆಯೋಗದವರೆಗೆ: ಮಲೆನಾಡಿನ ಮೂರು ತಾಲ್ಲೂಕುಗಳು ನಡೆದ ದಾರಿ

2026ರ ಡಿಸೆಂಬರ್ 24ಕ್ಕೆ ಗ್ರಾಹಕರ ಸಂರಕ್ಷಣಾ ಕಾಯಿದೆಗೆ ನಲವತ್ತು ತುಂಬುತ್ತದೆ. 1986ರಲ್ಲಿ ಅದೇ ದಿನ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ದಿನವನ್ನೇ ರಾಷ್ಟ್ರೀಯ ಗ್ರಾಹಕ ದಿನವೆಂದು ಆಚರಿಸುತ್ತ ಬಂದಿದ್ದೇವೆ. ನಲವತ್ತರ ನೆನಪಿನ ಈ ಸಂಚಿಕೆಗೆ, ಆ ಕಾಯಿದೆಯಿಂದ ಹುಟ್ಟಿ ಬೆಳೆದ ಸಂಸ್ಥೆಯ ಕಥೆಯನ್ನು ಹೊಸನಗರ, ಸಾಗರ, ತೀರ್ಥಹಳ್ಳಿಯ ಕಡೆಯಿಂದ ಬರೆದುಕೊಡಬೇಕೆಂದು ಸಂಪಾದಕರು ಕೇಳಿದ್ದಾರೆ.

ಗ್ರಾಹಕರ ಹಕ್ಕು ಎಂದರೆ ಪೇಟೆಯವರ ಸಮಾಚಾರ ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗಂತೂ ಅದು ಸುಳ್ಳು. ಇಲ್ಲಿ ಮಾರುವವರೂ ಕೊಳ್ಳುವವರೂ ಒಂದೇ ಮನೆಯವರು. ಬೆಳಿಗ್ಗೆ ಮಂಡಿಯಲ್ಲಿ ಅಡಿಕೆ ಮಾರಿದ ಕೈಯೇ ಮಧ್ಯಾಹ್ನ ಅದೇ ದುಡ್ಡಿನಲ್ಲಿ ಮೈಲುತುತ್ತ, ಪೈಪು, ಮಗಳ ಮದುವೆಯ ಬಳೆ ಕೊಳ್ಳುತ್ತದೆ. ತಕ್ಕಡಿಯ ಎರಡೂ ಬದಿಯಲ್ಲಿ ನಿಂತು ನೋಡಿದ ಜನ ನಾವು. ನ್ಯಾಯದ ವ್ಯಾಪಾರ ಎಂದರೆ ಏನು ಎಂಬುದನ್ನು ಕಾಯಿದೆ ಬರುವ ಮೊದಲೇ ಈ ನೆಲ ಕೇಳಿತ್ತು.

1939–1966: ಅಳತೆಯ ಪ್ರಶ್ನೆ

ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ನಾವೆಲ್ಲ ಕರೆಯುವ ಮ್ಯಾಮ್‌ಕೋಸ್, ಹುಟ್ಟಿದ್ದು 1939ರಲ್ಲಿ. ಅಡಿಕೆ ಬೆಳೆಗಾರನಿಗೆ ಆಗ ತನ್ನ ಮಾಲಿನ ದರ್ಜೆಯನ್ನು ತಾನೇ ಹೇಳುವ ಅಧಿಕಾರವಿರಲಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವುದೂ, ತೂಗುವುದೂ, ದರ ಕಟ್ಟುವುದೂ ಕೊಳ್ಳುವವರ ಕೈಯಲ್ಲೇ ಇತ್ತು. ಮಾಲನ್ನು ರಾಶಿ ಹಾಕಿ ಎಲ್ಲರಿಗೂ ತೋರಿಸಿ, ಕೊಳ್ಳುವವರು ಟೆಂಡರ್ ಬರೆದು ಹಾಕುವ ಪದ್ಧತಿ ಸಹಕಾರ ಸಂಘಗಳಿಂದ ಬೇರೂರಿತು. ಮಾಲು ಎಲ್ಲರ ಕಣ್ಣಿಗೂ ಬೀಳಬೇಕು, ತೂಕದ ಚೀಟಿ ಬೆಳೆಗಾರನ ಕೈಗೂ ಬರಬೇಕು. ಕೇಳಲು ಸಣ್ಣ ಸಂಗತಿ. ಗ್ರಾಹಕ ಕಾನೂನಿನ ಇಡೀ ಕಟ್ಟಡ ನಿಂತಿರುವುದು ಈ ಎರಡು ಸಂಗತಿಗಳ ಮೇಲೆ.

ಅಳತೆಯ ಪ್ರಶ್ನೆ ಬೀದಿಗೆ ಬಂದದ್ದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. 1951ರ ಏಪ್ರಿಲ್ 18ರಂದು ಅಲ್ಲಿ ಸತ್ಯಾಗ್ರಹ ಆರಂಭವಾಯಿತು. ಚರಿತ್ರೆಯ ಪುಸ್ತಕಗಳಲ್ಲಿ ಅದು ಗೇಣಿದಾರರ ಹೋರಾಟ, ಉಳುವವನಿಗೆ ಭೂಮಿ ಎಂಬ ಕೂಗಿನ ಮೊದಲ ದೊಡ್ಡ ಅಧ್ಯಾಯ. ಅದು ನಿಜವೇ. ಆದರೆ ಕಿಡಿ ಹೊತ್ತಿದ್ದು ಕೊಳಗದಿಂದ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರ ಮನೆಯ ಕೊಳಗ ದೊಡ್ಡದು. ಅದರಲ್ಲಿ ಎಷ್ಟು ಅಳೆದರೂ ಲೆಕ್ಕಕ್ಕೆ ಬರುವುದು ಕಡಿಮೆ. ಎಲ್ಲರಿಗೂ ಒಂದೇ ಅಳತೆಯ ಕೊಳಗ ಇರಲಿ ಎಂದು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ದೀವರ ರೈತರು ಕೇಳಿದರು. ಸಮಾಜವಾದಿಗಳು ಜೊತೆಗೂಡಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಅಂದಿನ ಕಹಿಯನ್ನು ಇಲ್ಲಿ ಕೆದಕಬೇಕಾದ ಅಗತ್ಯವಿಲ್ಲ. ಎರಡೂ ಕಡೆಯ ಮೊಮ್ಮಕ್ಕಳು ಇಂದು ಒಂದೇ ಸಹಕಾರ ಸಂಘದ ಸಭೆಯಲ್ಲಿ ಅಕ್ಕಪಕ್ಕ ಕೂರುತ್ತಾರೆ. ಆದರೆ ಅಳತೆಯ ಪಾತ್ರೆ ಯಾರ ಮನೆಯದು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಜನ ಜೈಲಿಗೆ ಹೋಗಿದ್ದರು ಎಂಬುದನ್ನು ಈ ಸಂಚಿಕೆಯಲ್ಲಿ ಬರೆದಿಡಲೇಬೇಕು.

ಅಳತೆಗೆ ಸರ್ಕಾರದ ಉತ್ತರ ಬಂದದ್ದು ಐದು ವರ್ಷಗಳ ನಂತರ. 1956ರ ತೂಕ ಮತ್ತು ಅಳತೆ ಮಾನಕಗಳ ಕಾಯಿದೆ ದೇಶಕ್ಕೆಲ್ಲ ಒಂದೇ ಅಳತೆ ತಂದಿತು. 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತಹಂತವಾಗಿ ಬಂತು, 1962ರ ಹೊತ್ತಿಗೆ ತೂಕದಲ್ಲಿ ಅದೇ ಕಡ್ಡಾಯವಾಯಿತು. ಸೇರು, ಪಾವು, ಕೊಳಗ, ಖಂಡುಗ ಬಾಯಲ್ಲಿ ಉಳಿದವು, ಅಂಗಡಿಯ ತಕ್ಕಡಿಯಲ್ಲಿ ಉಳಿಯಲಿಲ್ಲ. ಹೊಸ ತೂಕದ ಬಟ್ಟಿನ ಮೇಲೆ ಇಲಾಖೆಯ ಮುದ್ರೆ ಬಿತ್ತು. ಆ ಮುದ್ರೆ ಕಾಲಕಾಲಕ್ಕೆ ಮತ್ತೆ ಬೀಳಲೇಬೇಕು ಎಂಬ ನಿಯಮ ಇಂದಿಗೂ ನಡೆದುಕೊಂಡು ಬಂದಿದೆ. ಇಂದಿನ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ನೋಡಲು ಬಯಸುವ ಗಿರಾಕಿ ಮುದ್ರೆಯನ್ನು ಕೇಳಿ ನೋಡಬಹುದು.

1966ರಲ್ಲಿ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಂದು, ಮಂಡಿಯಲ್ಲಿ ಬೆಳೆಗಾರನ ಲೆಕ್ಕದಿಂದ ಮುರಿದುಕೊಳ್ಳುತ್ತಿದ್ದ ಅನಧಿಕೃತ ಕಡಿತಗಳಿಗೆ ತಡೆ ಹಾಕಿತು. ಮಾರುವವನ ರಕ್ಷಣೆಗೆ ಒಂದು ವ್ಯವಸ್ಥೆ ಆಯಿತು. ಕೊಳ್ಳುವವನ ರಕ್ಷಣೆ ಇನ್ನೂ ಬಾಕಿ ಇತ್ತು.

1969–1986: ಕಾನೂನು ರೂಪುಗೊಂಡ ಕಾಲ

ಕೊಳ್ಳುವವನ ಬಗ್ಗೆ ಕಾನೂನೇ ಇರಲಿಲ್ಲ ಎನ್ನುವಂತಿಲ್ಲ. 1930ರ ಸರಕು ಮಾರಾಟ ಕಾಯಿದೆ ಇತ್ತು. 1954ರಲ್ಲಿ ಎರಡು ಮುಖ್ಯ ಕಾಯಿದೆಗಳು ಬಂದವು: ಒಂದು ಆಹಾರ ಕಲಬೆರಕೆ ತಡೆಗೆ, ಇನ್ನೊಂದು ಮಂತ್ರಮದ್ದಿನ ಜಾಹೀರಾತಿನ ತಡೆಗೆ. ಎಲ್ಲ ಕಾಯಿಲೆಗೂ ಒಂದೇ ಎಣ್ಣೆ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು ಅಂದಿನಿಂದಲೇ ಅಪರಾಧ. ತೊಂದರೆ ಇದ್ದದ್ದು ಬೇರೆ ಕಡೆ. ಮೋಸಹೋದವನು ಸಿವಿಲ್ ಕೋರ್ಟಿಗೆ ಹೋಗಬೇಕು, ಸ್ಟಾಂಪು ಕಟ್ಟಬೇಕು, ವಕೀಲರನ್ನು ಹಿಡಿಯಬೇಕು, ವರ್ಷಗಟ್ಟಲೆ ಓಡಾಡಬೇಕು. ಇನ್ನೂರು ರೂಪಾಯಿಯ ಟಾರ್ಚಿಗಾಗಿ ಯಾರು ಹೋಗುತ್ತಾರೆ?

ಆ ಕಾಲದ ಮೋಸದ ರೀತಿ ನೆನಪಿರುವವರು ನಮ್ಮ ಕಡೆ ಇನ್ನೂ ಬೇಕಾದಷ್ಟು ಜನ ಇದ್ದಾರೆ. ವಾರಪತ್ರಿಕೆಯ ಕೊನೆಯ ಪುಟಗಳಲ್ಲಿ ಒಂದು ಸಣ್ಣ ಒಗಟಿನ ಚೌಕ. ಯಾವ ಕಡೆಯಿಂದ ಕೂಡಿದರೂ ಹದಿನೈದು ಬರಬೇಕು. ಬಿಡಿಸಿ ಕಳಿಸಿದರೆ ಟ್ರಾನ್ಸಿಸ್ಟರ್ ಬಹುಮಾನ. ಬಿಡಿಸದವರೇ ಇಲ್ಲ, ಗೆಲ್ಲದವರೂ ಇಲ್ಲ. ಕೆಲವು ವಾರಕ್ಕೆ ದೂರದ ಊರಿನಿಂದ ವಿ.ಪಿ.ಪಿ. ಬರುತ್ತದೆ, ಪ್ಯಾಕಿಂಗ್ ಮತ್ತು ಅಂಚೆಯ ಖರ್ಚು ಮಾತ್ರ ಕೊಟ್ಟರೆ ಸಾಕಂತೆ. ಅಂಚೆ ಕಚೇರಿಯ ನಿಯಮವೆಂದರೆ ಮೊದಲು ಹಣ, ಆಮೇಲೆ ಪಾರ್ಸೆಲ್. ಹಣ ಕಟ್ಟಿ, ಕಟ್ಟೆಯ ಮೇಲೆ ಕೂತು ದಾರ ಬಿಚ್ಚಿದರೆ ಒಳಗೆ ಹೊಟ್ಟು, ಹಳೆಯ ಕಾಗದ, ನಡುವೆ ಎರಡು ದಿನ ಹಾಡುವ ಡಬ್ಬಿ. ಕೆಲವರಿಗೆ ಅದೂ ಇಲ್ಲ. ಪೋಸ್ಟ್‌ಮಾಸ್ತರರಿಗೆ ಹೇಳಿ ಪ್ರಯೋಜನವಿಲ್ಲ, ಕಳಿಸಿದವರ ವಿಳಾಸ ಒಂದು ಪೋಸ್ಟ್ ಬಾಕ್ಸ್ ನಂಬರು. ಮನೆಯಲ್ಲಿ ಹೇಳಿದರೆ ಬೈಗುಳ. ಹಾಗಾಗಿ ಮೋಸಹೋದವರು ಸುಮ್ಮನಾದರು. ಆ ಸುಮ್ಮನಿರುವಿಕೆಯ ಮೇಲೆಯೇ ಆ ವ್ಯಾಪಾರ ನಡೆಯುತ್ತಿತ್ತು.

1969ರ ಏಕಸ್ವಾಮ್ಯ ತಡೆ ಕಾಯಿದೆಯಲ್ಲಿ ಇದಕ್ಕೆ ಮದ್ದಿರಲಿಲ್ಲ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 1978ರಲ್ಲಿ ಅದನ್ನು ಎತ್ತಿ ತೋರಿಸಿತು: ಜಾಹೀರಾತಿನಲ್ಲಿ ಸುಳ್ಳು ಹೇಳುವುದು ಕೊಳ್ಳುವವನ ಮೇಲಿನ ಅನ್ಯಾಯ, ಅದನ್ನು ಕಾಯಿದೆಯೊಳಗೆ ತನ್ನಿ ಎಂದಿತು. 1984ರ ತಿದ್ದುಪಡಿಯಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಮಾತು ಮೊದಲ ಬಾರಿಗೆ ನಮ್ಮ ಕಾನೂನಿಗೆ ಬಂತು. ಇಲ್ಲದ ಗುಣ ಇದೆ ಎನ್ನುವುದು, ಹಳೆಯದನ್ನು ಹೊಸದೆನ್ನುವುದು, ಕೊಡುವ ಉದ್ದೇಶವೇ ಇಲ್ಲದ ಬಹುಮಾನ ಸಾರುವುದು, ಇಲ್ಲದ ರಿಯಾಯಿತಿ ತೋರಿಸುವುದು ಎಲ್ಲವೂ ಅದರೊಳಗೆ ಸೇರಿದವು. 1985ರಲ್ಲಿ ಜಾಹೀರಾತು ಉದ್ಯಮದವರೇ ತಮ್ಮ ಮೇಲೆ ತಾವು ನಿಗಾ ಇಡುವ ಜಾಹೀರಾತು ಮಾನಕಗಳ ಮಂಡಳಿಯನ್ನು ಕಟ್ಟಿಕೊಂಡರು. ಅದೇ ವರ್ಷದ ಏಪ್ರಿಲ್ 9ರಂದು ವಿಶ್ವಸಂಸ್ಥೆ ಗ್ರಾಹಕ ರಕ್ಷಣೆಯ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿತು.

ಆದರೆ ಕಾಯಿದೆಗೆ ಜೀವ ಬಂದದ್ದು ಜನರ ಸಂಘಟನೆಗಳಿಂದ. ಮುಂಬಯಿಯಲ್ಲಿ 1966ರಿಂದ, ಅಹಮದಾಬಾದಿನಲ್ಲಿ 1978ರಿಂದ ಅಂಥ ಸಂಸ್ಥೆಗಳು ದುಡಿಯುತ್ತಿದ್ದವು. ನಮಗೆ ಹತ್ತಿರದ್ದೆಂದರೆ ಘಟ್ಟದ ಕೆಳಗಿನ ಬಸ್ರೂರು. ಹುಲಿಕಲ್ ಘಾಟಿ ಇಳಿದು ಸಿದ್ದಾಪುರ ದಾಟಿದರೆ ಕುಂದಾಪುರದ ಸೀಮೆ. ಅಲ್ಲಿ ಡಾ. ರವೀಂದ್ರನಾಥ ಶಾನಭಾಗರು ಮುಂದೆ ನಿಂತು ಕಟ್ಟಿದ ಬಳಕೆದಾರರ ವೇದಿಕೆ, 1986ರ ಕಾಯಿದೆ ಬರುವ ಮೊದಲೇ ಜನರ ದೂರುಗಳನ್ನು ಹಿಡಿದು ಕೆಲಸ ಮಾಡುತ್ತಿತ್ತು. ರಾಜಧಾನಿಯ ಆಸರೆ ಇಲ್ಲದೆ, ಹಳ್ಳಿಯ ಮಟ್ಟದಲ್ಲಿ ನಿಂತು, ಬರೆದ ಪತ್ರಕ್ಕೆ ಕಂಪನಿ ಉತ್ತರ ಕೊಡುವಂತೆ ಮಾಡಬಹುದು ಎಂದು ತೋರಿಸಿಕೊಟ್ಟದ್ದು ಕರಾವಳಿಯ ಈ ಪ್ರಯೋಗ. ಕರ್ನಾಟಕದ ಗ್ರಾಹಕ ಚಳವಳಿಯ ಚರಿತ್ರೆಯಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ.

1987–2003: ವೇದಿಕೆ ಬಂತು

1986ರ ಕಾಯಿದೆ ಎರಡು ಕಂತಿನಲ್ಲಿ ಜಾರಿಯಾಯಿತು: 1987ರ ಏಪ್ರಿಲ್ 15ರಂದು ಕೆಲವು ಅಧ್ಯಾಯ, ವೇದಿಕೆಗಳ ಅಧ್ಯಾಯ ಜುಲೈ 1ರಂದು. ಜಿಲ್ಲೆಗೊಂದು ವೇದಿಕೆ, ರಾಜ್ಯಕ್ಕೊಂದು ಆಯೋಗ, ದೇಶಕ್ಕೊಂದು ರಾಷ್ಟ್ರೀಯ ಆಯೋಗ. ಜಿಲ್ಲಾ ವೇದಿಕೆಯಲ್ಲಿ ಒಬ್ಬ ಅಧ್ಯಕ್ಷರು, ಇಬ್ಬರು ಸದಸ್ಯರು, ಅವರಲ್ಲಿ ಒಬ್ಬರು ಮಹಿಳೆ. ಕೋರ್ಟ್ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೂ ದೂರು. ಆರಂಭದಲ್ಲಿ ಜಿಲ್ಲಾ ವೇದಿಕೆಯ ಮಿತಿ 1 ಲಕ್ಷ ರೂಪಾಯಿ. 1993ರಲ್ಲಿ ಅದು 5 ಲಕ್ಷವಾಯಿತು, 2003ರ ಮಾರ್ಚ್ 15ರಿಂದ 20 ಲಕ್ಷ.

ಕಾಯಿದೆ ಬಂದ ಕೂಡಲೇ ವೇದಿಕೆ ಬರಲಿಲ್ಲ. ದೇಶದ ಅನೇಕ ಜಿಲ್ಲೆಗಳಲ್ಲಿ ಜಿಲ್ಲಾ ನ್ಯಾಯಾಧೀಶರಿಗೇ ಹೆಚ್ಚುವರಿ ಹೊಣೆ ಕೊಟ್ಟು ದಿನ ದೂಡಲಾಯಿತು. ‘ಕಾಮನ್ ಕಾಸ್’ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಗಿ, 1991ರಲ್ಲಿ ನ್ಯಾಯಾಲಯ ರಾಜ್ಯಗಳಿಗೆ ಗಡುವು ಹಾಕಿದ ಮೇಲೆ ಕೆಲಸ ಚುರುಕಾಯಿತು. 1995ರಲ್ಲಿ ಕೇಂದ್ರ ಸರ್ಕಾರ ಕಟ್ಟಡ ಮತ್ತು ಪೀಠೋಪಕರಣಕ್ಕೆಂದು ಒಂದು ಬಾರಿಯ ನೆರವು ಕೊಟ್ಟಿತು: ರಾಜ್ಯ ಆಯೋಗಕ್ಕೆ 50 ಲಕ್ಷ, ಪ್ರತಿ ಜಿಲ್ಲಾ ವೇದಿಕೆಗೆ 10 ಲಕ್ಷ. ಬಾಡಿಗೆ ಕೊಠಡಿಯಲ್ಲಿ, ಎರವಲು ಮೇಜಿನ ಮೇಲೆ ನಡೆಯುತ್ತಿದ್ದ ಕಲಾಪಕ್ಕೆ ಸ್ವಂತ ಸೂರು ಸಿಗುವ ದಾರಿ ಅಲ್ಲಿಂದ ತೆರೆಯಿತು. ನಮ್ಮ ರಾಜ್ಯ ಆಯೋಗ ಬೆಂಗಳೂರಿನ ಬಸವ ಭವನದಲ್ಲಿ ನೆಲೆಯಾಯಿತು. ನಮ್ಮ ಮೂರು ತಾಲ್ಲೂಕುಗಳಿಗೆ ವೇದಿಕೆ ಎಂದರೆ ಶಿವಮೊಗ್ಗ.

ಶಿವಮೊಗ್ಗ ಎಂದರೆ ಎಷ್ಟು ದೂರ ಎಂಬುದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹೊಸನಗರದಿಂದ ರಿಪ್ಪನ್‌ಪೇಟೆ, ಆಯನೂರು ದಾಟಿ ಸುಮಾರು 70 ಕಿಲೋಮೀಟರ್. ಸಾಗರದಿಂದ ಆನಂದಪುರ, ಕುಂಸಿಯ ಮೇಲೆ ಹೋದರೂ ಅಷ್ಟೇ. ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರಿನ ಮೇಲೆ 60. ಇದು ತಾಲ್ಲೂಕು ಕೇಂದ್ರದ ಲೆಕ್ಕ. ನಿಟ್ಟೂರು, ಯಡೂರಿನ ಒಳಗಿನ ಮನೆಯವರು ಮೊದಲು ಡಾಂಬರು ರಸ್ತೆಗೆ ಬರಬೇಕು. ಶರಾವತಿ ಹಿನ್ನೀರಿನ ಆಚೆಯ ತುಮರಿ, ಬ್ಯಾಕೋಡಿನವರು ಲಾಂಚು ಹತ್ತಬೇಕಿತ್ತು, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ. ಮಳೆಗಾಲದ ನಾಲ್ಕು ತಿಂಗಳು ಬಸ್ಸಿಗೂ ಹೊತ್ತುಗೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟು, ಹನ್ನೊಂದಕ್ಕೆ ಹಾಜರಾಗಿ, ‘ಮುಂದಿನ ತಿಂಗಳು ಬನ್ನಿ’ ಎನಿಸಿಕೊಂಡು, ರಾತ್ರಿ ಮನೆ ಸೇರುವವನಿಗೆ ಕಾಯಿದೆ ಎಷ್ಟೇ ಸರಳವಾದರೂ ದುಬಾರಿಯೇ. ದೋಷದ ಸರಕಿಗೆ ಪ್ರಯೋಗಾಲಯದ ಪರೀಕ್ಷೆ ಬೇಡದಿದ್ದರೆ ಮೂರು ತಿಂಗಳಲ್ಲಿ, ಬೇಕಾದರೆ ಐದು ತಿಂಗಳಲ್ಲಿ ತೀರ್ಪು ಎಂದು ಕಾಯಿದೆ ಹೇಳಿತು. ಆ ಗಡುವು ಎಲ್ಲ ಕಡೆಯೂ ಉಳಿದುಕೊಳ್ಳಲಿಲ್ಲ.

ಭಿನ್ನಾಭಿಪ್ರಾಯಗಳೂ ಇದೇ ಕಾಲದಲ್ಲಿ ಎದ್ದವು. ವಕೀಲರಲ್ಲದವರು ದೂರುದಾರರ ಪರ ನಿಂತು ವಾದಿಸಬಹುದೇ ಎಂಬ ಚರ್ಚೆ ಕೆಲವು ಕಡೆ ಬಿಸಿಯಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅಧಿಕೃತ ಪ್ರತಿನಿಧಿ ವಾದಿಸಬಹುದೆಂದು ಒಪ್ಪಿ, ಅದಕ್ಕೆ ನಿಯಮಗಳಿರಲಿ ಎಂದ ಮೇಲೆ ಅದು ತಣ್ಣಗಾಯಿತು. ವೈದ್ಯರ ಸೇವೆ ಕಾಯಿದೆಯೊಳಗೆ ಬರುತ್ತದೆಯೇ ಎಂಬ ಪ್ರಶ್ನೆಗೆ 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ಹೌದು ಎಂಬ ಉತ್ತರ ಬಂತು. ವೈದ್ಯರ ಸಂಘಗಳಿಗೆ ಅದು ನೋವಿನ ಸಂಗತಿಯಾಗಿತ್ತು. ಒಪ್ಪಿಗೆಯ ಪತ್ರ, ಚೀಟಿ, ದಾಖಲೆಗಳನ್ನು ಕ್ರಮವಾಗಿ ಇಡುವ ರೂಢಿ ಆಸ್ಪತ್ರೆಗಳಲ್ಲಿ ಬಲವಾದದ್ದು ಅದರ ನಂತರವೇ, ಮತ್ತು ಅದರಿಂದ ವೈದ್ಯರಿಗೂ ಆಸರೆಯಾಯಿತು. ವಕೀಲರ ಸೇವೆಯ ವಿಷಯದಲ್ಲಿ 2024ರ ಮೇ ತಿಂಗಳಲ್ಲಿ ಬಂದ ತೀರ್ಪು ಬೇರೆ ದಾರಿ ಹಿಡಿದು, ಅವರನ್ನು ಕಾಯಿದೆಯ ಹೊರಗಿಟ್ಟಿತು.

2003–2019: ತೋಟದ ಮನೆಗೆ ಕಾಯಿದೆ ತಲುಪಿದ್ದು

ನಮ್ಮಂಥವರಿಗೆ ದೊಡ್ಡ ಪ್ರಶ್ನೆ ಇದ್ದದ್ದು ಬೇರೆ: ರೈತ ಗ್ರಾಹಕನೇ? ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನಲ್ಲ ಎನ್ನುತ್ತದೆ ಕಾಯಿದೆ. ಅಡಿಕೆ ಸುಲಿಯುವ ಯಂತ್ರ ಕೊಂಡವನು ಅದರಿಂದ ಗಳಿಸುತ್ತಾನಲ್ಲ ಎಂದು ಕಂಪನಿಯವರು ವಾದ ಹೂಡಬಹುದು. 1993ರ ತಿದ್ದುಪಡಿ ಇದಕ್ಕೆ ಬಾಗಿಲು ತೆರೆದಿತ್ತು: ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಕೊಂಡು ಬಳಸುವವನು ಗ್ರಾಹಕನೇ. ತನ್ನ ಎರಡೆಕರೆ ತೋಟದ ಅಡಿಕೆ ಸುಲಿಯಲು ಯಂತ್ರ ತಂದವನು ಈ ಬಾಗಿಲಿನಿಂದ ಒಳಗೆ ಬರಬಹುದು.

ಬಿತ್ತನೆ ಬೀಜದ ವಿಷಯ ತೀರ್ಮಾನವಾದದ್ದು 2012ರ ಜನವರಿ 16ರಂದು, ಆಂಧ್ರದ ರೈತರು ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ. ರೈತನೂ ಗ್ರಾಹಕನೇ ಎಂದಿತು ಸುಪ್ರೀಂ ಕೋರ್ಟು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದು. ಪರೀಕ್ಷೆಗೆ ಬೀಜದ ಮಾದರಿ ಎಲ್ಲಿ ಎಂದು ಕಂಪನಿ ಕೇಳಿತ್ತು. ಬೀಜ ತಂದ ರೈತ ಎಲ್ಲವನ್ನೂ ಬಿತ್ತುತ್ತಾನೆ, ಮುಂದೆ ಕೇಸು ಹಾಕಬೇಕಾದೀತೆಂದು ಒಂದಷ್ಟು ಎತ್ತಿಡುವುದಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಿಕೊಂಡಿತು. ಗದ್ದೆಗೆ ಇಳಿದು ಗೊತ್ತಿದ್ದವರು ಬರೆದ ಹಾಗಿದೆ ಆ ಭಾಗ. ಭತ್ತದ ಮೊಳಕೆ ಬರದೆ ಸಸಿಮಡಿಯಲ್ಲಿ ಕೈ ಹಿಸುಕಿಕೊಂಡ ಎಷ್ಟೋ ಮನೆಗಳಿಗೆ ಆ ತೀರ್ಪು ಸಂಬಂಧಿಸಿದ್ದು.

ಮೈಲುತುತ್ತದ ವಿಷಯವನ್ನೂ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಮಳೆ ಹಿಡಿಯುವ ಮೊದಲು, ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವುದು ನಮ್ಮ ತೋಟಗಳ ವಾರ್ಷಿಕ ಕರ್ಮ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಲಸಿದ ದ್ರಾವಣದಲ್ಲಿ ಕತ್ತಿಯ ಅಲಗು ಅದ್ದಿ ಎತ್ತುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಎಲ್ಲ ತೋಟಿಗರಿಗೂ ಗೊತ್ತಿರುವ ಪರೀಕ್ಷೆ ಇದು. ಆದರೆ ಆ ಕತ್ತಿ ಹೇಳುವುದು ಸುಣ್ಣದ ಹದವನ್ನು ಮಾತ್ರ. ನೀಲಿ ಹರಳಿನೊಳಗೆ ತಾಮ್ರ ಎಷ್ಟಿದೆ, ಬೇರೆ ಏನು ಬೆರೆತಿದೆ ಎಂಬುದನ್ನು ಅದು ಹೇಳಲಾರದು. ಅದಕ್ಕೆ ಪ್ರಯೋಗಾಲಯವೇ ಬೇಕು. ಆಷಾಢದಲ್ಲಿ ಗೊನೆಯಿಂದ ಕಾಯಿ ಉದುರತೊಡಗಿದಾಗ ಮೂಟೆ ಖಾಲಿಯಾಗಿರುತ್ತದೆ, ಮಾದರಿ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಿಲ್ಲು ಇರುವುದಿಲ್ಲ.

ನಮ್ಮ ಕಡೆಯ ಅಂಗಡಿಗಳಲ್ಲಿ ಈ ಮಾತುಕತೆ ಕೇಳದವರಿಲ್ಲ.

“ಹೆಗ್ಡೇರೆ, ಬಿಲ್ಲು ಬೇಕಾ? ಬಿಲ್ ಹಾಕಿದ್ರೆ ಟ್ಯಾಕ್ಸ್ ಸೇರುತ್ತೆ ನೋಡಿ.”

“ಬೇಡ ಬಿಡು ಮಾರಾಯ. ನಿನ್ನ ಮೇಲೆ ನಂಬಿಕೆ ಇಲ್ವಾ?”

ಮೂರು ತಲೆಮಾರಿನಿಂದ ಉದ್ರಿ ಕೊಟ್ಟ ಅಂಗಡಿ. ಅಡಿಕೆ ಮಾರಿದ ಮೇಲೆ ಲೆಕ್ಕ ಚುಕ್ತಾ ಮಾಡುವ ಮನೆ. ಈ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಮಲೆನಾಡಿನ ಬದುಕು ಅದರ ಮೇಲೆ ನಿಂತಿದೆ. ಆದರೆ ಅಂಗಡಿಯವನನ್ನೇ ಮೇಲಿನ ಸಗಟು ವ್ಯಾಪಾರಿ, ಅವನನ್ನು ತಯಾರಕ ಮೋಸಗೊಳಿಸಿರಬಹುದು. ಬಿಲ್ಲು ಇಲ್ಲದಿದ್ದರೆ ಕೊಂಡವನ ಜೊತೆಗೆ ನಮ್ಮ ಅಂಗಡಿಯವನೂ ನಷ್ಟದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಬಿಲ್ಲು ಕೇಳುವುದು ಅವನ ಮೇಲಿನ ಅಪನಂಬಿಕೆ ಎಂದು ಎರಡೂ ಕಡೆಯವರು ಭಾವಿಸಿದ್ದರಿಂದ ನಮ್ಮ ತಾಲ್ಲೂಕುಗಳ ಎಷ್ಟೋ ನ್ಯಾಯವಾದ ದೂರುಗಳು ಶಿವಮೊಗ್ಗದ ದಾರಿ ಹಿಡಿಯಲೇ ಇಲ್ಲ.

ಇದೇ ಅವಧಿಯಲ್ಲಿ ಅಕ್ಕಪಕ್ಕದ ಕಾನೂನುಗಳೂ ಗಟ್ಟಿಯಾದವು. 2009ರ ಕಾನೂನು ಮಾಪನ ಕಾಯಿದೆ 2011ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಪೊಟ್ಟಣದ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು, ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳುವ ವಿಳಾಸ ಇರಲೇಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಆಹಾರ ಸುರಕ್ಷತೆಯ ಕಾಯಿದೆಯ ನಿಯಮಗಳೂ ಜಾರಿಯಾದವು. ಈ ನಿಯಮಗಳು ಬೇರೆಯವರಿಗೆ ಮಾತ್ರ ಎಂದುಕೊಳ್ಳುವಂತಿರಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಜೇನು, ಹಲಸಿನ ಹಪ್ಪಳ ಮಾರುವ ನಮ್ಮ ಮನೆಗಳಿಗೂ ಅವು ಅನ್ವಯಿಸಿದವು. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ 2011ರ ನಿಯಮದಂತೆ 100 ರೂಪಾಯಿಯ ನೋಂದಣಿ ಸಾಕಿತ್ತು. ಮಹಿಳಾ ಸ್ವಸಹಾಯ ಸಂಘಗಳು ಆ ನೋಂದಣಿ ಮಾಡಿಸಿ, ಬಾಟಲಿಯ ಮೇಲೆ ತೂಕ ಮತ್ತು ತಾರೀಖು ಬರೆಯತೊಡಗಿದ್ದು ದೊಡ್ಡ ಸಂಗತಿ. ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕ ಮೇಲೆ ಬೇರೆ ಮಿಡಿಗೆ ಆ ಹೆಸರು ಹಚ್ಚಿ ಮಾರುವುದು ಕಾನೂನಿಗೂ ತಪ್ಪು, ನಮ್ಮ ಊರಿನ ಹೆಸರಿಗೂ ಕುಂದು.

2019ರಿಂದ: ಆಯೋಗ

ಹಳೆಯ ಕಾಯಿದೆಯ ಜಾಗದಲ್ಲಿ ಹೊಸದು ಬಂತು. 2019ರ ಆಗಸ್ಟ್ 9ರಂದು ಅಂಕಿತ, 2020ರ ಜುಲೈ 20ರಂದು ಜಾರಿ. ಜಿಲ್ಲಾ ವೇದಿಕೆಯ ಹೆಸರು ಜಿಲ್ಲಾ ಆಯೋಗವಾಯಿತು. ಮಿತಿ 1 ಕೋಟಿಗೆ ಏರಿ, 2021ರ ಡಿಸೆಂಬರ್‌ನಲ್ಲಿ 50 ಲಕ್ಷಕ್ಕೆ ಇಳಿಯಿತು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ರಾಜಿ ಸಂಧಾನಕ್ಕೆ ಪ್ರತ್ಯೇಕ ಅಧ್ಯಾಯ ಸೇರಿತು. ಸರಕಿನ ದೋಷದಿಂದ ಮೈಗೆ ಅಥವಾ ಮನೆಗೆ ಹಾನಿಯಾದರೆ ತಯಾರಕನ ಹೊಣೆ ಏನು ಎಂಬುದನ್ನು ಬಿಡಿಸಿ ಬರೆಯಲಾಯಿತು.

ನಮ್ಮ ತಾಲ್ಲೂಕುಗಳಿಗೆ ಇದರಲ್ಲಿ ಎರಡು ಬದಲಾವಣೆಗಳು ಎಲ್ಲಕ್ಕಿಂತ ದೊಡ್ಡವು. ಮೊದಲನೆಯದು, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಿಂದೆ ಮಾರಿದವನ ಊರು ಅಥವಾ ವ್ಯವಹಾರ ನಡೆದ ಊರು ಹುಡುಕಬೇಕಿತ್ತು. ದೆಹಲಿಯ ಕಂಪನಿಯಿಂದ ಫೋನಿನಲ್ಲಿ ತರಿಸಿದ ಮಿಕ್ಸಿಗೆ ಇಂದು ಹೊಸನಗರದವರು ಶಿವಮೊಗ್ಗದಲ್ಲೇ ಕೇಳಬಹುದು. ವಿ.ಪಿ.ಪಿ. ಕಾಲದಲ್ಲಿ ಇದೊಂದು ಸಾಲು ಇದ್ದಿದ್ದರೆ ಪೋಸ್ಟ್ ಬಾಕ್ಸ್ ನಂಬರಿನ ವ್ಯಾಪಾರ ಅಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ.

ಎರಡನೆಯದು ಬಿಲ್ಲು. ಬಿಲ್ಲು ಕೊಡದಿರುವುದನ್ನೇ ಹೊಸ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿತು. ಬಿಲ್ಲಿನಲ್ಲಿ ಕ್ರಮಸಂಖ್ಯೆ, ಮಾರುವವರ ಹೆಸರು ವಿಳಾಸ, ತಾರೀಖು, ಸರಕಿನ ವಿವರ, ಪ್ರಮಾಣ ಇರಬೇಕೆಂದು 2020ರ ನಿಯಮಗಳು ಹೇಳುತ್ತವೆ. ಗಲ್ಲಾಪೆಟ್ಟಿಗೆಯ ಹಿಂದೆ ತೂಗುತ್ತಿದ್ದ ‘ಮಾರಿದ ವಸ್ತುಗಳನ್ನು ವಾಪಸು ಪಡೆಯುವುದಿಲ್ಲ’ ಎಂಬ ಫಲಕಕ್ಕೂ ಅದೇ ಪಟ್ಟಿಯಲ್ಲಿ ಉತ್ತರವಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯದಿರುವುದೂ ಅನುಚಿತ ಪದ್ಧತಿಯೇ.

ಜಾಹೀರಾತಿನ ಮೇಲೆ ನಿಗಾ ಇಡಲು 2020ರ ಜುಲೈ 24ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಬಂತು. ಸುಳ್ಳು ಜಾಹೀರಾತಿಗೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ಅದನ್ನು ಹೊಗಳಿ ಮಾತಾಡಿದ ನಟ, ಆಟಗಾರರಿಗೆ ವರ್ಷದ ಮಟ್ಟಿಗೆ ನಿಷೇಧ ಹಾಕುವ ಅಧಿಕಾರವೂ ಅದಕ್ಕಿದೆ. 2021ರ ಡಿಸೆಂಬರ್‌ನಲ್ಲಿ ನೇರ ಮಾರಾಟದ ನಿಯಮಗಳು ಬಂದು, ಸದಸ್ಯರನ್ನು ಸೇರಿಸುವುದನ್ನೇ ವ್ಯಾಪಾರ ಮಾಡಿಕೊಂಡ ಸರಪಳಿ ಯೋಜನೆಗಳನ್ನು ತಡೆದವು. ಭಾವ ಅಳಿಯನಿಗೆ, ಅಳಿಯ ಪಕ್ಕದ ಮನೆಗೆ ಮಾರಿ, ಕೊನೆಗೆ ಮನೆಮನೆಯ ನಡುವೆ ಮಾತು ಬಿಡಿಸಿದ ಆ ಯೋಜನೆಗಳ ನೋವು ನಮ್ಮ ಊರುಗಳಿಗೆ ಹೊಸದಲ್ಲ. 2022ರ ಜೂನ್ 9ರಂದು ದಾರಿ ತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿ ಬಂತು. 2023ರ ನವೆಂಬರ್ 30ರ ಮಾರ್ಗಸೂಚಿ ಆನ್‌ಲೈನ್ ಅಂಗಡಿಗಳ 13 ಬಗೆಯ ವಂಚನೆಯ ವಿನ್ಯಾಸಗಳನ್ನು ಹೆಸರಿಸಿತು: ಕೇಳದ ವಸ್ತುವನ್ನು ಬುಟ್ಟಿಗೆ ಹಾಕುವುದು, ಕೊನೆಯ ಗಳಿಗೆಯಲ್ಲಿ ಬೆಲೆ ಏರಿಸುವುದು, ಇನ್ನು ಎರಡೇ ಉಳಿದಿವೆ ಎಂದು ಸುಳ್ಳೇ ಅವಸರಪಡಿಸುವುದು ಇತ್ಯಾದಿ.

ಚಿನ್ನದಲ್ಲಿ ಆದ ಬದಲಾವಣೆ ಕಣ್ಣಿಗೆ ಕಾಣುವಂಥದ್ದು. 2021ರ ಜೂನ್‌ನಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಯಿತು, 2023ರ ಏಪ್ರಿಲ್ 1ರಿಂದ ಆರು ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಇಲ್ಲದೆ ಹಾಲ್‌ಮಾರ್ಕಿನ ಒಡವೆ ಮಾರುವಂತಿಲ್ಲ. ಬಳೆಯ ಒಳಮೈಯಲ್ಲಿ ತ್ರಿಕೋನದ ಗುರುತು, 22ಕೆ 916, ಪಕ್ಕದಲ್ಲಿ ಆ ಸಂಖ್ಯೆ, ಅಕ್ಕಿಕಾಳಿಗಿಂತ ಸಣ್ಣ ಜಾಗದಲ್ಲಿ. ಬರಿಗಣ್ಣಿಗೆ ಕಾಣದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಅಂಗಡಿಯಲ್ಲೇ ಇರಬೇಕೆಂಬ ನಿಯಮವಿದೆ. ನಮ್ಮ ಹೆಂಗಸರು ಈಗ ಅದನ್ನು ಕೇಳಿ ನೋಡುತ್ತಾರೆ.

ಆಯೋಗಗಳಲ್ಲಿ ಖಾಲಿ ಹುದ್ದೆಗಳ ತೊಂದರೆ ಮಾತ್ರ ಬೆನ್ನು ಬಿಡಲಿಲ್ಲ. ಅಧ್ಯಕ್ಷರು, ಸದಸ್ಯರ ನೇಮಕ ತಡವಾಗಿ ದೇಶದ ಅನೇಕ ಕಡೆ ಪೀಠಗಳು ನಡೆಯದೆ ಉಳಿದಾಗ, 2021ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಂಡು ಸರ್ಕಾರಗಳಿಗೆ ಗಡುವು ವಿಧಿಸಿತು. ಯಾರ ಮೇಲೂ ದೂರು ಹೊರಿಸುವ ಉದ್ದೇಶದಿಂದ ಇದನ್ನು ಹೇಳುತ್ತಿಲ್ಲ. ಕಾಯಿದೆ ಒಳ್ಳೆಯದಿದ್ದು ಕುರ್ಚಿ ಖಾಲಿಯಿದ್ದರೆ 70 ಕಿಲೋಮೀಟರ್ ಬಂದವನಿಗೆ ಏನೂ ದಕ್ಕುವುದಿಲ್ಲ.

ಅಡಿಕೆಯವರ ಹೊಣೆ

ಈ ಚರಿತ್ರೆಯಲ್ಲಿ ನಮಗೆ ಕಷ್ಟವೆನಿಸುವ ಒಂದು ಪುಟವಿದೆ. ಅದನ್ನು ದಾಟಿ ಹೋಗಲು ಮನಸ್ಸು ಒಪ್ಪುವುದಿಲ್ಲ. ನಮ್ಮ ಅಡಿಕೆಯ ದೊಡ್ಡ ಪಾಲು ಕೊನೆಗೆ ತಲುಪುವುದು ಉತ್ತರ ಭಾರತದ ಪೊಟ್ಟಣಗಳಿಗೆ. 2003ರ ಕಾಯಿದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿತು, 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಅದರ ನಂತರ ಅದೇ ಹೆಸರಿನ ಏಲಕ್ಕಿ, ಅದೇ ಬಣ್ಣದ ಪಾನ್ ಮಸಾಲಾ ಪರದೆಯ ಮೇಲೆ ಬಂದವು. ಹೀಗೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವ ಜಾಹೀರಾತನ್ನು 2022ರ ಮಾರ್ಗಸೂಚಿ ನೇರವಾಗಿ ನಿಷೇಧಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಹಾಕಿತು. ಆ ತೀರ್ಮಾನವನ್ನು ಬೆಳೆಗಾರರ ಸಂಸ್ಥೆಗಳು ಪ್ರಶ್ನಿಸುತ್ತ ಬಂದಿವೆ, ಹೊಸ ಸಂಶೋಧನೆ ಆಗಲಿ ಎಂದು ಕೇಳುತ್ತಿವೆ.

ಸಂಶೋಧನೆ ನಡೆಯಲಿ. ಅದು ಮುಗಿಯುವ ತನಕ ಕಾಯದೆ ನಾವು ಮಾಡಬಹುದಾದ ಕೆಲಸವಿದೆ. ನಮ್ಮ ಮಾಲಿಗೆ ಕೃತಕ ಬಣ್ಣ ಬೀಳದಂತೆ, ಹಳೆಯ ಮಾಲು ಹೊಸದರೊಂದಿಗೆ ಬೆರೆಯದಂತೆ, ಹೊರದೇಶದ ಕಳಪೆ ಅಡಿಕೆಗೆ ನಮ್ಮ ಹೆಸರು ಅಂಟದಂತೆ ನೋಡಿಕೊಳ್ಳಬಹುದು. ಪೊಟ್ಟಣದ ಮೇಲೆ ಎಚ್ಚರಿಕೆಯ ಮಾತು ಓದುವಷ್ಟು ದೊಡ್ಡದಾಗಿರಲಿ ಎಂದು ನಾವೇ ಮೊದಲು ಹೇಳಬಹುದು. ಕೊಳ್ಳುವಾಗ ಲೇಬಲ್ ಕೇಳುವ ನಾವು ಮಾರುವಾಗ ಅದನ್ನು ಮುಚ್ಚಬೇಕೆಂದು ಬಯಸುವುದು ನ್ಯಾಯವಲ್ಲ.

ಇಂದು ಮತ್ತು ಮುಂದೆ

ದೂರ ಈಗ ಕಡಿಮೆಯಾಗುತ್ತಿದೆ. 2020ರ ಸೆಪ್ಟೆಂಬರ್‌ನಲ್ಲಿ ಇ-ದಾಖಿಲ್ ಬಂದು ಮನೆಯಿಂದಲೇ ದೂರು ಸಲ್ಲಿಸುವ ಅನುಕೂಲವಾಯಿತು, 2025ರ ಜನವರಿ 1ರಂದು ಇ-ಜಾಗೃತಿ ಅದರ ಜಾಗಕ್ಕೆ ಬಂತು. ವಿಡಿಯೋ ಮೂಲಕ ವಿಚಾರಣೆಗೂ ಕಾಯಿದೆಯಲ್ಲಿ ಅವಕಾಶವಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ಹೇಳಿಕೊಂಡರೆ, ಕೇಸಿನವರೆಗೆ ಹೋಗದೆ ಕಂಪನಿಯವರು ಸರಿಪಡಿಸಿಕೊಡುವುದೂ ಇದೆ. ಆದರೆ ನೆಟ್‌ವರ್ಕು ಸಿಗುವ ಗುಡ್ಡ ಹುಡುಕಿಕೊಂಡು ಹೋಗುವ ಊರುಗಳು ಮೂರು ತಾಲ್ಲೂಕುಗಳಲ್ಲೂ ಇನ್ನೂ ಇವೆ. ಎಪ್ಪತ್ತರ ವಯಸ್ಸಿನ ತಾಯಂದಿರಿಗೆ ಪೋರ್ಟಲ್ ತೆರೆಯಲು ಯಾರಾದರೂ ಜೊತೆ ಬೇಕು. ಗ್ರಾಮ ಪಂಚಾಯಿತಿ ಕಚೇರಿಯ ಒಂದು ಮೇಜು, ಸಹಕಾರ ಸಂಘದ ಒಬ್ಬ ಗುಮಾಸ್ತರು, ಕಾಲೇಜಿನ ಗ್ರಾಹಕ ಕ್ಲಬ್ಬಿನ ಇಬ್ಬರು ವಿದ್ಯಾರ್ಥಿಗಳು ವಾರಕ್ಕೊಂದು ದಿನ ಈ ಕೆಲಸಕ್ಕೆ ಕೂತರೆ ಸಾಕಷ್ಟು ಆಗುತ್ತದೆ.

ಇನ್ನೊಂದು ಬೇಡಿಕೆಯನ್ನು ಈ ಸಂಚಿಕೆಯ ಮೂಲಕ ಮುಂದಿಡಲು ಬಯಸುತ್ತೇನೆ. ಒಂದು ಜಿಲ್ಲೆಯಲ್ಲಿ ಅಗತ್ಯ ಕಂಡರೆ ಒಂದಕ್ಕಿಂತ ಹೆಚ್ಚು ಜಿಲ್ಲಾ ಆಯೋಗ ಸ್ಥಾಪಿಸಲು 2019ರ ಕಾಯಿದೆಯ 28ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಸಾಗರ ಈಗಾಗಲೇ ಉಪವಿಭಾಗದ ಕೇಂದ್ರ; ಹೊಸನಗರ, ಸೊರಬ, ಶಿಕಾರಿಪುರ ಅದರ ವ್ಯಾಪ್ತಿಯಲ್ಲಿವೆ. ಅಲ್ಲೊಂದು ಆಯೋಗ ಕೂರುವಂತಾದರೆ ನಿಟ್ಟೂರಿನವರೂ ತುಮರಿಯವರೂ ದೂರು ಕೊಟ್ಟು ಸಂಜೆಯ ಹಾಲು ಕರೆಯುವ ಹೊತ್ತಿಗೆ ಮನೆ ಸೇರುತ್ತಾರೆ. ಮೂರು ತಾಲ್ಲೂಕುಗಳ ಸಹಕಾರ ಸಂಘಗಳು, ವರ್ತಕರ ಸಂಘಗಳು, ವಕೀಲರ ಸಂಘಗಳು ಒಟ್ಟಾಗಿ ಸಹಿ ಮಾಡಿ ಈ ಮನವಿಯನ್ನು ಈ ವರ್ಷದ ಗ್ರಾಹಕ ದಿನದೊಳಗೆ ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಗೆ ಕಳಿಸಬೇಕು.